ಒಂದೇ ಗೆರೆಯ ತಿದ್ದುಪಡಿ

ಜನವರಿ 11

ಮಗಳೇ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಅಪ್ಪನದು ಎಂದು ಗೊತ್ತಾಗಿರುತ್ತದೆ. ಗಾಬರಿಯಾಗಬೇಡ, ಗಟ್ಟಿಯಾಗಿದ್ದೇನೆ. ಫೋನ್ ಮಾಡೋಣವೆಂದರೆ ಎಡಗಿವಿ ಪೂರ್ತಿ ಕೈಕೊಟ್ಟಿದೆ, ಬಲಗಿವಿ ತನಗೆ ಮನಸ್ಸು ಬಂದಾಗ ಮಾತ್ರ ಕೇಳಿಸಿಕೊಳ್ಳುತ್ತದೆ. ಕಳೆದ ವರ್ಷ ನೀನು ಫೋನಿನಲ್ಲಿ ಏನೋ ಕೇಳಿದೆ, ನಾನು ಹೌದು ಹೌದು ಎಂದೆ, ನೀನು ಫೋನ್ ಇಟ್ಟುಬಿಟ್ಟೆ. ಯಾವುದಕ್ಕೆ ಹೌದು ಎಂದೆನೋ ಎಂದು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದೇನೆ. ಬರೆದರೆ ಆ ತಾಪತ್ರಯವಿಲ್ಲ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನಿಗೆ ಒಂದು ಕಾಗದ ಯಾವ ಲೆಕ್ಕ? ಆದರೂ ಇದನ್ನು ಮೂರು ಸಲ ಬರೆದು ಹರಿದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ತಿರುವಿನ ಆಸ್ಪತ್ರೆಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದರು. ಅಕ್ಷರ ವಕ್ರವಾಗಿತ್ತು, ಬೈಯೋಣವೆಂದೇ ನಿಂತು ಓದಿದೆ. ಹೊಸ ಲಸಿಕೆಯೊಂದನ್ನು ಪರೀಕ್ಷಿಸುತ್ತಿದ್ದಾರಂತೆ, ಐವತ್ತೈದು ದಾಟಿದ ಆರೋಗ್ಯವಂತರು ಬೇಕಂತೆ. ಯಾವ ಜ್ವರಕ್ಕೆ ಎಂಬುದನ್ನು ಎರಡೆರಡು ಸಲ ಓದಿದೆ. ನಮ್ಮ ರೇಡಿಯೋವನ್ನು ಕರೆದುಕೊಂಡು ಹೋದ ಜ್ವರವೇ. ಕೆಳಗೆ, ರಕ್ತಪರೀಕ್ಷೆ ನಡೆಯುವ ಜಾಗ ಎಂದು ನಿನ್ನ ಲ್ಯಾಬಿನ ಹೆಸರಿತ್ತು.

ನಿನ್ನ ತಂಗಿಗೆ ಆ ಹೆಸರಿಟ್ಟವಳು ನೀನೇ. ಬೆಳಗ್ಗೆ ಕಣ್ಣು ಬಿಟ್ಟರೆ ಮಾತು ಶುರು, ಮಲಗಿದ ಮೇಲೂ ನಿದ್ದೆಯಲ್ಲಿ ಮಾತು. "ಅಪ್ಪಾ, ಇದನ್ನ ಆಫ್ ಮಾಡೋ ಗುಂಡಿ ಎಲ್ಲಿದೆ?" ಅಂತ ಕೇಳಿದ್ದೆ. ಅವಳು ಹೋಗಿ ಇಪ್ಪತ್ತಾರು ವರ್ಷವಾಯಿತು. ಇದ್ದಿದ್ದರೆ ಈಗ ಮೂವತ್ತೇಳು.

ಒಳಗೆ ಹೋಗಿ ಹೆಸರು ಕೊಟ್ಟೆ. ನರ್ಸಮ್ಮ ಹದಿನೆಂಟು ಪುಟದ ಒಪ್ಪಿಗೆ ಪತ್ರವನ್ನು ಕುಳಿತು ಓದಿ ಹೇಳಿದಳು. ಐದನೇ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು, ಪೆನ್ನು ತೆಗೆದು ಸೇರಿಸಿದೆ. ಅವಳು ಹೌಹಾರಿ, "ತಾತಾ, ನೀವು ಸಹಿ ಮಾತ್ರ ಮಾಡಬೇಕು, ತಿದ್ದಬಾರದು!" ಎಂದಳು. ಹೊಸ ಪ್ರತಿ ತಂದು ಮತ್ತೆ ಮೊದಲಿಂದ ಓದಿದಳು, ಪಾಪ.

ಕೆಳಗಿನ ಅಂಗಡಿಯ ದರ್ಜಿಯನ್ನೂ ಎಳೆದುಕೊಂಡು ಹೋಗಿದ್ದೆ. ಅವನ ಬೋರ್ಡು ನಿನಗೆ ನೆನಪಿರಬೇಕು. "ಅಳತೆ ತಪ್ಪದ ಹೊಲಿಗೆ" ಎಂದು ಬರೆಯಬೇಕಾದಲ್ಲಿ ಒಂದು ಗುಡಿಸು ಹೆಚ್ಚು ಕೊಟ್ಟು "ಅಳತೆ ತಪ್ಪಿದ ಹೊಲಿಗೆ" ಮಾಡಿಟ್ಟಿದ್ದೆ. ಮೇಲೆ ಹಿನ್ನೆಲೆಯ ಬಣ್ಣ ಬಳಿದು ಮುಚ್ಚಿದೆ. ಮಧ್ಯಾಹ್ನದ ಬಿಸಿಲು ಬಿದ್ದರೆ ಆ ಗುಡಿಸು ಈಗಲೂ ಮಸುಕಾಗಿ ಏಳುತ್ತದೆ. ಅವನಿಗೆ ಸೂಜಿ ಹಿಡಿದೇ ಜೀವನವಾದರೂ ಚುಚ್ಚುಮದ್ದೆಂದರೆ ಜೀವ ಹೋಗುತ್ತದೆ. ಮೊದಲು ನನಗೆ ಚುಚ್ಚಲಿ, ಏನಾಗುತ್ತದೋ ನೋಡಿಕೊಂಡು ಆಮೇಲೆ ತಾನು ಎಂದು ಕರಾರು ಹಾಕಿದ್ದಾನೆ.

ಒಂದು ಸಲ ನನ್ನಿಂದ ತಡವಾಯಿತು. ಈ ಲಸಿಕೆಯಾದರೂ ಬೇಗ ಬರಲಿ, ಅದಕ್ಕೆ ನನ್ನ ತೋಳೂ ಒಂದಿರಲಿ ಅನ್ನಿಸಿತು. ಇಷ್ಟೇ ವಿಷಯ. ಅದರಲ್ಲಿ ಎಂಆರ್‌ಎನ್‌ಎ ಅಂತ ಏನೋ ಇದೆಯಂತೆ, ಹಾಗೆಂದರೇನು? ನಿನಗೆ ಬಿಡುವಾದರೆ ಬರಿ.

ನಿನ್ನ
ಅಪ್ಪ


ಜನವರಿ 24

ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ನನ್ನನ್ನು ಒಂದು ಮಾತು ಕೇಳಿ ಸಹಿ ಹಾಕಬಹುದಿತ್ತು. ಇರಲಿ.

ನನ್ನ ಮೇಲಿನ ಮೇಡಂಗೆ ವಿಷಯ ತಿಳಿಸಿದ್ದೇನೆ. ನಮ್ಮ ಮೇಜಿಗೆ ಬರುವುದು ಸಂಖ್ಯೆ ಅಂಟಿಸಿದ ರಕ್ತದ ಕೊಳವೆಗಳು ಮಾತ್ರ. ಯಾರದು ಯಾವುದು ಎಂದು ನಮಗೆ ತಿಳಿಯುವುದಿಲ್ಲ, ತಿಳಿಯಲೂ ಬಾರದು. ನಿಮ್ಮ ಸಂಖ್ಯೆಯನ್ನು ತಮಾಷೆಗೂ ನನಗೆ ಬರೆಯಬೇಡಿ.

ಎಂಆರ್‌ಎನ್‌ಎ ಎಂದರೆ ಒಂದು ಚೀಟಿ ಎಂದುಕೊಳ್ಳಿ. ವೈರಸ್ಸಿನ ಒಂದು ತುಣುಕನ್ನು ಹೇಗೆ ತಯಾರಿಸಬೇಕು ಎಂಬುದಷ್ಟೇ ಅದರಲ್ಲಿ ಬರೆದಿರುತ್ತದೆ. ಜೀವಕೋಶ ಆ ಚೀಟಿ ಓದಿ ತುಣುಕನ್ನು ಮಾಡುತ್ತದೆ, ಚೀಟಿಯನ್ನು ಹರಿದುಹಾಕುತ್ತದೆ. ಆ ತುಣುಕನ್ನು ಕಂಡ ದೇಹ ಶತ್ರುವಿನ ಗುರುತು ಹಿಡಿಯಲು ಕಲಿಯುತ್ತದೆ, ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ಅವು ಎಷ್ಟಿವೆ ಎಂದು ಅಳೆಯುವುದು ನನ್ನ ಕೆಲಸ. ತೊಂಬತ್ತಾರು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ರಕ್ತದ ತಿಳಿನೀರು ಹಾಕುತ್ತೇವೆ. ಪ್ರತಿಕಾಯ ಹೆಚ್ಚಿದ್ದಷ್ಟೂ ಗುಳಿಯ ಹಳದಿ ಗಾಢವಾಗುತ್ತದೆ.

ಹದಿನೈದು ಹದಿನೈದು ಜನರ ಮೂರು ಗುಂಪುಗಳಿವೆ. ಮೊದಲ ಗುಂಪಿಗೆ ಸಣ್ಣ ಡೋಸ್, ಎರಡನೆಯದಕ್ಕೆ ನಡುವಿನದು, ಮೂರನೆಯದಕ್ಕೆ ದೊಡ್ಡದು. ಒಂದು ಗುಂಪಿಗೆ ಏನೇನಾಯಿತು ಎಂಬುದನ್ನು ಸುರಕ್ಷತಾ ಸಮಿತಿಯವರು ಓದಿದ ಮೇಲೆಯೇ ಮುಂದಿನ ಗುಂಪು. ಅವರು ಓದುವುದು ನೀವು ತುಂಬಿಸುವ ಕಾರ್ಡನ್ನು. ಏಳು ದಿನ, ದಿನಕ್ಕೆರಡು ಸಲ ಜ್ವರ ಅಳೆದು ಬರೆಯಬೇಕು. ನೋವು, ಬಾವು, ಸುಸ್ತು, ಚಳಿ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಜ್ವರ ಬಂದರೆ ಅವಮಾನವೇನಲ್ಲ, ದೇಹ ಕಲಿಯುವಾಗ ಹಾಗಾಗುತ್ತದೆ. ಎಷ್ಟು ಬಂತು ಎಂಬುದು ನಮಗೆ ಬೇಕು.

ಕೊನೆಯದಾಗಿ ಒಂದು ನಿಯಮ. ಕಾರ್ಡಿನಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ನಿಮ್ಮ ಬೋರ್ಡಿನ ಹಾಗೆ ಬಣ್ಣ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ತಿದ್ದಲು ಕಾರಣ, ಸಹಿ, ತಿದ್ದಿದ ದಿನದ ತಾರೀಖು. ಹಳೆಯ ತಾರೀಖು ಹಾಕುವಂತಿಲ್ಲ.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮಗಳು


ಫೆಬ್ರವರಿ 9

ಮಗಳೇ,

ಮೊನ್ನೆ ಚುಚ್ಚಿದರು. ನನಗೆ ನಡುವಿನ ಡೋಸ್. ಅರ್ಧ ಗಂಟೆ ಕೂರಿಸಿಕೊಂಡು, ಒಂದು ಥರ್ಮಾಮೀಟರು ಕೈಗೆ ಕೊಟ್ಟು ಕಳಿಸಿದರು. ಇರುವೆ ಕಚ್ಚಿದಷ್ಟೂ ನೋವಿಲ್ಲ. ನಿನ್ನೆ ನರ್ಸಮ್ಮ ಫೋನ್ ಮಾಡಿದ್ದಳು, ಅವಳು ಕೇಳಿದ್ದು ನನಗೆ ಕೇಳಿಸಲಿಲ್ಲ, ಏನಿಲ್ಲ ಏನಿಲ್ಲ ಎಂದೆ. ದರ್ಜಿ ಎರಡು ಸಲ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಇಣುಕಿದ. ಅವನಿಗೂ ಅದನ್ನೇ ಹೇಳಿದೆ. ಧೈರ್ಯ ಬಂದಿರಬೇಕು, ಮುಂದಿನ ಗುಂಪಿಗೆ ಹೆಸರು ಕೊಡುತ್ತಾನಂತೆ.

ಓದಿ ಹರಿದುಹಾಕುವ ಚೀಟಿಯ ಮಾತು ಮನಸ್ಸಿನಲ್ಲೇ ಕೂತಿದೆ. ನಾನು ಹಿಂದೆ ನಿನ್ನ ಹಾಸ್ಟೆಲಿಗೆ ಬರೆದ ಕಾಗದಗಳನ್ನೂ ಹಾಗೇ ಹರಿದುಹಾಕಿರಬೇಕು, ಅಲ್ಲವಾ?

ಇನ್ನೊಂದು ಮಾತು. ನಿನ್ನ ಪತ್ರದಲ್ಲಿ ಎಷ್ಟು "ನೀವು" ಇವೆ ಎಂದು ಎಣಿಸಲು ಹೋಗಿ ನಿಲ್ಲಿಸಿದೆ. ಸಣ್ಣವಳಿದ್ದಾಗ "ನೀನು ಸುಮ್ನಿರಪ್ಪ, ನಿಂಗೆ ಗೊತ್ತಾಗಲ್ಲ" ಎನ್ನುತ್ತಿದ್ದೆ. ರೇಡಿಯೋ ಹೋದ ವಾರದಿಂದ ನಾನು "ನೀವು" ಆದೆ. ಊರವರ ಮುಂದೆ ಮಗಳು ಮರ್ಯಾದೆ ಕೊಡುತ್ತಾಳೆ ಎಂದು ಹೇಳಿಕೊಂಡಿದ್ದೇನೆ. ಅದು ಮರ್ಯಾದೆಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು.

ಇಲ್ಲಿ ಚಳಿ ಹೆಚ್ಚು. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಅಪ್ಪ


ಫೆಬ್ರವರಿ 28

ಅಪ್ಪನಿಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಕೆಲಸ ತಲೆಯ ಮೇಲಿತ್ತು, ಕ್ಷಮಿಸಿ.

ಒಂದು ಒಳ್ಳೆಯ ಸುದ್ದಿ. ಸಮಿತಿಯವರು ನಡುವಿನ ಗುಂಪಿನ ಕಾರ್ಡುಗಳನ್ನೆಲ್ಲ ಓದಿ, ದೊಡ್ಡ ಡೋಸ್ ಶುರುಮಾಡಬಹುದು ಎಂದಿದ್ದಾರೆ. ಹದಿನೈದು ಜನರಲ್ಲಿ ಇಬ್ಬರಿಗೆ ತೀವ್ರ ಜ್ವರ ಬಂದಿದ್ದರೆ ಅಲ್ಲಿಗೇ ನಿಲ್ಲಬೇಕು ಎಂಬುದು ನಿಯಮ. ಬಂದಿದ್ದು ಒಬ್ಬರಿಗೆ ಮಾತ್ರ. ಮೇಡಂ ಎಲ್ಲರಿಗೂ ಕಾಫಿ ತರಿಸಿದರು. ಇಂಥ ಜಾಗದಲ್ಲಿ ಯಾರೂ ಕುಣಿಯುವುದಿಲ್ಲ, ಆದರೆ ಪಕ್ಕದ ಮೇಜಿನ ಹುಡುಗಿ ಕೈಗವಸು ಹಾಕಿಕೊಂಡೇ ನನ್ನ ಬೆನ್ನು ತಟ್ಟಿದಳು.

ಮೊದಲ ಗುಂಪಿನ ತಟ್ಟೆಗಳನ್ನು ಈ ವಾರ ಓದಿದೆವು. ಹಳದಿ ಬಂದಿದೆ, ತುಂಬಾ ಅಲ್ಲ, ಬಂದಿದೆ. ಹನ್ನೊಂದು ವರ್ಷ ಈ ಜ್ವರದ ಹಿಂದೆ ಬಿದ್ದಿದ್ದೇನೆ. ಮೊದಲ ಸಲ ಆ ಬಣ್ಣ ನೋಡಿ ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಯಾರಿಗೂ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕಳೆದ ಪತ್ರದಲ್ಲಿ ನಿಮ್ಮ ಸಾಲುಗಳು ಓರೆಯಾಗಿ ಕೆಳಗಿಳಿದಿದ್ದವು. ಗೆರೆಯಿಲ್ಲದ ಕಾಗದದ ಮೇಲೂ ನೀವು ನೂಲು ಹಿಡಿದ ಹಾಗೆ ಬರೆಯುವವರು. ಕನ್ನಡಕ ಬದಲಿಸುವ ಕಾಲ ಬಂದಿರಬೇಕು, ತೋರಿಸಿಕೊಳ್ಳಿ.

ಹಳೆಯ ಕಾಗದಗಳ ಬಗ್ಗೆ ಕೇಳಿದ್ದೀರಿ. ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಮಗಳು


ಮಾರ್ಚ್ 19

ಮಗಳೇ,

ಕನ್ನಡಕ ಸರಿಯಾಗಿಯೇ ಇದೆ.

ದರ್ಜಿ ಬಿದ್ದುಬಿಟ್ಟ. ಚುಚ್ಚಿದ ಮಾರನೇ ದಿನ ಮಧ್ಯಾಹ್ನ ನೂರ ನಾಲ್ಕು ಜ್ವರ ಏರಿತಂತೆ. ನೀರು ಕುಡಿಯಲು ಎದ್ದವನಿಗೆ ತಲೆ ಸುತ್ತಿ, ಬಚ್ಚಲಿನ ಹೊಸ್ತಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿಯಿತು. ನನಗೆ ಕೂಗು ಕೇಳಿಸಲಿಲ್ಲ. ಮೇಲೆಯೇ ಇದ್ದೆ, ಚಹಾ ಕುಡಿಯುತ್ತಿದ್ದೆ. ಎದುರಿನ ಔಷಧಿ ಅಂಗಡಿಯವನು ಕೇಳಿಸಿಕೊಂಡು ಓಡಿ ಬಂದ. ಜ್ವರ ಎರಡೇ ದಿನಕ್ಕೆ ಇಳಿಯಿತು. ಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನಿನ ಮುಂದೆ ಇನ್ನು ಕೂರುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಈಗ ನಿನಗೆ ಹೇಳಬೇಕಾದದ್ದು ಹೇಳುತ್ತೇನೆ. ಮೊದಲು ಈ ಕಾಗದವನ್ನು ಕೂತುಕೊಂಡು ಓದು.

ನನಗೂ ಜ್ವರ ಬಂದಿತ್ತು. ಎರಡನೇ ದಿನ ಬೆಳಗ್ಗೆ ನೂರ ಮೂರು, ಸಂಜೆಯೂ ನೂರ ಮೂರು. ಮೂರು ಹೊದಿಕೆ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ನಿನಗೆ ಫೆಬ್ರವರಿಯಲ್ಲಿ ಬರೆದ ಕಾಗದ ಆ ನಡುಕದಲ್ಲೇ ಬರೆದದ್ದು. ಮೂರನೇ ದಿನ ಮಧ್ಯಾಹ್ನ ಇಳಿಯಿತು. ಕಾರ್ಡು ಮೇಜಿನ ಮೇಲೇ ಇತ್ತು. ಏಳು ದಿನದ ಮನೆಗಳಲ್ಲೂ ಚೆಂದದ ಅಕ್ಷರದಲ್ಲಿ "ಏನಿಲ್ಲ" ಎಂದು ಬರೆದೆ. ಬರೀ "ಇಲ್ಲ" ಎಂದು ಬರೆದರೆ ಸಾಕಿತ್ತಂತೆ, ನರ್ಸಮ್ಮ ನೋಡಿ ನಕ್ಕಳು.

ಯಾಕೆ ಎಂದು ಕೇಳಬೇಡ, ನಾನೇ ಹೇಳುತ್ತೇನೆ. ನನ್ನ ಮೈ ಬಿಸಿಯಾಯಿತೆಂದು ನಿನ್ನ ಲಸಿಕೆಗೆ ಕೆಟ್ಟ ಹೆಸರು ಬರಬಾರದು ಅಂದುಕೊಂಡೆ. ಎಲ್ಲೋ ಒಂದು ಮನೆಯ ರೇಡಿಯೋ ಅದಕ್ಕಾಗಿ ಕಾಯುತ್ತಿರುತ್ತಾಳೆ, ಮುದುಕನ ಎರಡು ದಿನದ ಜ್ವರದಿಂದ ಅವಳಿಗೆ ತಡವಾಗಬಾರದು ಅಂದುಕೊಂಡೆ. ಹದಿನೈದರಲ್ಲಿ ಒಬ್ಬ ಬರೆಯದಿದ್ದರೆ ಏನು ಮುಳುಗಿಹೋಗುತ್ತದೆ ಎಂದೂ ಅಂದುಕೊಂಡೆ.

ಇಬ್ಬರಾದರೆ ನಿಲ್ಲಬೇಕು ಎಂಬ ನಿಯಮ ನೀನು ಬರೆದ ಮೇಲೆ ಗೊತ್ತಾಯಿತು. ಆ ಇನ್ನೊಬ್ಬ ನಾನು. ನಿನ್ನ ಪತ್ರ ಬಂದಾಗ ದರ್ಜಿಯ ಚುಚ್ಚುಮದ್ದಿಗೆ ಇನ್ನೂ ನಾಲ್ಕು ದಿನವಿತ್ತು. ಕೆಳಗಿಳಿದರೆ ಹದಿನಾಲ್ಕು ಮೆಟ್ಟಿಲು. ನಾಲ್ಕು ದಿನವೂ ಇಳಿದೆ, ಅವನ ಪಕ್ಕ ಕೂತು ಪೇಪರ್ ಓದಿ ಮೇಲೆ ಬಂದೆ. ಹೊರಡುವ ದಿನ ಅವನು, "ಏನೂ ಆಗಲ್ಲ ತಾನೇ?" ಅಂತ ಕೇಳಿದ. ನಾನು, "ನನ್ನನ್ನ ನೋಡಪ್ಪ, ಏನಿಲ್ಲ" ಅಂದೆ.

ಈಗ ಏನು ಮಾಡಲಿ, ಹೇಳು.

ಅಪ್ಪ


ಮಾರ್ಚ್ 25

ಅಪ್ಪನಿಗೆ,

ಏನು ಮಾಡಲಿ ಎಂದು ನನ್ನನ್ನು ಕೇಳುತ್ತೀರಿ. ನಾಲ್ಕು ದಿನ ಕೈಯಲ್ಲಿದ್ದಾಗ ಕೇಳಲಿಲ್ಲ.

ಈ ಪತ್ರವನ್ನು ಡಬ್ಬಿಗೆ ಹಾಕಿ ನೇರವಾಗಿ ಮೇಡಂ ಕೋಣೆಗೆ ಹೋಗುತ್ತೇನೆ. ನಿಮ್ಮ ಮಾರ್ಚ್ 19ರ ಕಾಗದವನ್ನು ಅವರ ಮುಂದಿಡುತ್ತೇನೆ. ದೊಡ್ಡ ಡೋಸ್ ಒಂಬತ್ತು ಜನರಿಗೆ ಆಗಿದೆ, ಆರು ಜನ ಬಾಕಿ ಇದ್ದಾರೆ. ದರ್ಜಿಯವರ ಜ್ವರ ಸಮಿತಿಗೆ ತಲುಪಿದೆ, ಆದರೆ ಅದು ಈ ಲಸಿಕೆಯಲ್ಲಿ ಇನ್ನೂ ಎರಡನೆಯದೆಂದು ಅವರು ಓದುತ್ತಿದ್ದಾರೆ. ಅದು ಮೂರನೆಯದು. ನಿಮ್ಮನ್ನು ಮುಚ್ಚಿಟ್ಟು ಆ ಆರು ಜನರ ತೋಳಿಗೆ ಸೂಜಿ ಹೋಗುವುದನ್ನು ನಾನು ನೋಡಲಾರೆ. ನೀವು ನನ್ನ ಅಪ್ಪನಾದರೂ ಅಷ್ಟೇ, ಇನ್ಯಾರಾದರೂ ಅಷ್ಟೇ.

ಜ್ವರ ಬರೆದಿದ್ದರೆ ಲಸಿಕೆಗೆ ಏನೂ ಆಗುತ್ತಿರಲಿಲ್ಲ ಅಪ್ಪ. ನಡುವಿನ ಡೋಸಿನಲ್ಲೇ ನಿಲ್ಲುತ್ತಿದ್ದೆವು. ನಿಮ್ಮ ಗುಂಪಿನ ತಟ್ಟೆಗಳನ್ನು ಕಳೆದ ವಾರ ಓದಿದೆ. ಸಣ್ಣ ಡೋಸಿಗಿಂತ ಎಷ್ಟೋ ಗಾಢವಾದ ಹಳದಿ. ದೊಡ್ಡ ಡೋಸ್ ಬೇಕಾಗಿಯೇ ಇರಲಿಲ್ಲ. ಆ ಮನುಷ್ಯ ಮುರಿದುಕೊಂಡ ಮೂಳೆ ಯಾರಿಗೂ ಬೇಕಾಗಿರಲಿಲ್ಲ.

ಏನಿಲ್ಲ. ಈ ಪದವನ್ನು ನಾನು ಬಾಯಲ್ಲಿ ಆಡಿ ಇಪ್ಪತ್ತಾರು ವರ್ಷವಾಯಿತು. ಯಾರಾದರೂ ಏನಾಯಿತು ಎಂದರೆ ತಲೆನೋವು, ನಿದ್ದೆಯಿಲ್ಲ, ಬೇಜಾರು, ಏನಿದೆಯೋ ಅದನ್ನೇ ಹೇಳುತ್ತೇನೆ. ಜನರಿಗೆ ಕಿರಿಕಿರಿಯಾಗುತ್ತದೆ. ಹಳೆಯ ಕಾಗದ ಹರಿದುಹಾಕಿದೆಯಾ ಎಂದಿರಲ್ಲ? ಮಿಕ್ಕವೆಲ್ಲ ಎಲ್ಲೋ ಹೋದವು. ಒಂದು ನನ್ನ ಹತ್ತಿರವೇ ಇದೆ. ಯಾವುದೆಂದು ನಿಮಗೆ ಗೊತ್ತು.

ನನ್ನ ತಪ್ಪನ್ನೂ ಮೇಡಂಗೆ ಹೇಳಬೇಕು. ಫೆಬ್ರವರಿಯ ಆ ಓರೆ ಸಾಲುಗಳನ್ನು ನೋಡಿದ ಕ್ಷಣವೇ ನಿಮಗೆ ಜ್ವರವಿರಬಹುದೇ ಎಂದು ಅನುಮಾನ ಬಂದಿತ್ತು. ಕನ್ನಡಕ ಎಂದು ಬರೆದು ಸುಮ್ಮನಾದೆ. ಸಮಿತಿ ಒಪ್ಪಲಿ ಎಂದು ನನಗೂ ಆಸೆಯಿತ್ತು. ನಾನು ನಿಮ್ಮ ಮಗಳೇ.

ಆಸ್ಪತ್ರೆಗೆ ಹೋಗಿ. ಅವರು ಕರೆಯುವವರೆಗೆ ಕಾಯಬೇಡಿ. ದರ್ಜಿಯವರಿಗೂ ನೀವೇ ಹೇಳಿ.

ಮಗಳು


ಏಪ್ರಿಲ್ 12

ಮಗಳೇ,

ನಿನ್ನ ಪತ್ರಕ್ಕೆ ಮೊದಲೇ ಹೋಗಬೇಕಿತ್ತು. ಹೋಗಲಿಲ್ಲ. ಪತ್ರ ಬಂದ ಮೇಲೆ ಹೋದೆ, ಅದನ್ನೂ ಇದ್ದ ಹಾಗೇ ಬರೆಯುತ್ತಿದ್ದೇನೆ.

ನರ್ಸಮ್ಮನಿಗೆ ಅಷ್ಟರಲ್ಲಿ ವಿಷಯ ತಲುಪಿತ್ತು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಡಾಕ್ಟರನ್ನು ಕರೆದು ಪಕ್ಕದಲ್ಲಿ ಕೂರಿಸಿ ನನ್ನ ಕಾರ್ಡು ತಂದು ಮೇಜಿನ ಮೇಲಿಟ್ಟಳು.

"ಸ್ಕೇಲ್ ಕೊಡ್ಲಾ ತಾತ?"

"ನಲವತ್ತು ವರ್ಷ ಸ್ಕೇಲ್ ಇಲ್ಲದೇ ಗೆರೆ ಎಳೆದಿದ್ದೀನಮ್ಮ" ಎಂದೆ. ಆದರೂ ಈ ಗೆರೆ ಓರೆಯಾಗಬಾರದು ಅನ್ನಿಸಿತು. ಸ್ಕೇಲ್ ಇಸಿದುಕೊಂಡೆ. ಎರಡನೇ ದಿನದ "ಏನಿಲ್ಲ"ದ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ನೂರ ಮೂರು. ಆಮೇಲೆ ಚಳಿ, ಆಮೇಲೆ ಸುಸ್ತು, ಆಮೇಲೆ ಮೂರನೇ ದಿನ. ಪ್ರತಿಯೊಂದಕ್ಕೂ ಸಹಿ, ಪ್ರತಿಯೊಂದಕ್ಕೂ ತಿದ್ದಿದ ದಿನದ ತಾರೀಖು. ಥರ್ಮಾಮೀಟರಿನ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಗೀಚಿಟ್ಟಿದ್ದೆ, ಅದನ್ನೂ ಕೊಟ್ಟೆ. ತಿದ್ದಲು ಕಾರಣ ಎಂಬಲ್ಲಿ "ಸುಳ್ಳು ಬರೆದಿದ್ದೆ" ಎಂದು ಬರೆದೆ.

ಅವಳು ಇಣುಕಿ ನೋಡಿ ಮೆಲ್ಲಗೆ, "ಹಾಗೆ ಯಾರೂ ಬರೆಯಲ್ಲ ತಾತ, ಮರೆತಿದ್ದೆ ಅಂತ ಹಾಕಿ" ಎಂದಳು.

"ಮರೆತಿರಲಿಲ್ಲಮ್ಮ."

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿ, ಹಾಗೇ ಇರಲಿ ಎಂದರು.

ಬಣ್ಣ ಬಳಿದು ಮುಚ್ಚುವುದು ಎಷ್ಟು ಸುಲಭದ ಕೆಲಸ ಎಂದು ಅಲ್ಲಿ ಕೂತಾಗ ಗೊತ್ತಾಯಿತು. ಬೋರ್ಡಿನಲ್ಲಿ ಮುಚ್ಚಿದರೆ ಗಿರಾಕಿ ಖುಷಿ, ನಾನೂ ಖುಷಿ. ಇಲ್ಲಿ ತಪ್ಪೂ ಕಾಣುತ್ತದೆ, ತಿದ್ದಿದ ಕೈಯೂ ಕಾಣುತ್ತದೆ, ಎಷ್ಟು ತಡವಾಗಿ ತಿದ್ದಿದ ಎಂಬುದೂ ಕಾಣುತ್ತದೆ.

ಅಲ್ಲಿಂದ ದರ್ಜಿಯ ಹತ್ತಿರ ಹೋದೆ. ಮೂಳೆ ವಿಭಾಗದ ಕೊನೆಯ ಮಂಚ. ಎಲ್ಲ ಹೇಳಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಊಟದ ಗಾಡಿ ಬಂತು, ಹೋಯಿತು. ಎಷ್ಟೋ ಹೊತ್ತಿನ ಮೇಲೆ ಆ ಕಡೆ ತಿರುಗಿಕೊಂಡೇ ಏನೋ ಅಂದ. ನನಗೆ ಕೇಳಿಸಲಿಲ್ಲ. ಬಗ್ಗಿ ಬಲಗಿವಿ ಹತ್ತಿರ ಹಿಡಿದೆ.

"ಬೋರ್ಡ್ ಮೇಲೆ ಆ ಗುಡಿಸು ಇನ್ನು ಹಾಗೇ ಇರಲಿ ಬಿಡು. ಈಗ ಸರಿಹೋಗುತ್ತೆ" ಎಂದ.

ನಾನು ನಗಲಿಲ್ಲ. ಅವನೂ ನಗಲಿಲ್ಲ. ದಿನಾ ಹೋಗುತ್ತಿದ್ದೇನೆ. ಬರಬೇಡ ಎಂದಿಲ್ಲ, ಬಾ ಎಂದೂ ಇಲ್ಲ.

ಮಗಳೇ, ನಿನ್ನ ಹತ್ತಿರವಿರುವ ಆ ಒಂದು ಕಾಗದವನ್ನು ನನಗೆ ಕಳಿಸುತ್ತೀಯಾ? ಹರಿಯುವುದಕ್ಕಲ್ಲ. ವಾಪಸು ಕಳಿಸುತ್ತೇನೆ.

ಅಪ್ಪ


ಮೇ 4

ಅಪ್ಪ,

ಪರೀಕ್ಷೆ ನಿಂತಿದೆ. ದೊಡ್ಡ ಡೋಸ್ ಕೈಬಿಟ್ಟರು. ನಡುವಿನ ಡೋಸನ್ನು ಹೊಸ ಗುಂಪಿನಲ್ಲಿ ಮತ್ತೆ ಮೊದಲಿಂದ ನೋಡಬೇಕಂತೆ, ಅದಕ್ಕೆ ಒಪ್ಪಿಗೆ ಸಿಗಲು ವರ್ಷವಾದರೂ ಬೇಕು. ಸಿಗದೆಯೂ ಇರಬಹುದು. ಈ ವರ್ಷ ಮಳೆ ನಿಂತ ಮೇಲೆ ಜ್ವರ ಎಂದಿನ ಹಾಗೆ ಬರುತ್ತದೆ, ಅದು ನಮಗಾಗಿ ಕಾಯುವುದಿಲ್ಲ.

ನನ್ನನ್ನು ಈ ಕೆಲಸದಿಂದ ತೆಗೆದು ಕೆಳಗಿನ ಮಹಡಿಗೆ ಹಾಕಿದ್ದಾರೆ. ಅಲ್ಲಿ ಶೈತ್ಯಪೆಟ್ಟಿಗೆಗಳ ಪಟ್ಟಿ ನೋಡಿಕೊಳ್ಳುವುದು. ಮೇಡಂ ಕೆಟ್ಟ ಮಾತು ಆಡಲಿಲ್ಲ. "ನೀನು ಹೇಳಿದ್ದು ಸರಿ, ತಡವಾಗಿ ಹೇಳಿದ್ದು ಸರಿಯಲ್ಲ" ಅಂದರು. ತಟ್ಟೆಗಳು ಈಗ ಪಕ್ಕದ ಮೇಜಿನ ಹುಡುಗಿಯ ಕೈಯಲ್ಲಿವೆ. ಹನ್ನೊಂದು ವರ್ಷ ಅಪ್ಪ. ಊಟದ ಹೊತ್ತಿಗೆ ಅವಳನ್ನು ಏನೂ ಕೇಳದೆ ಇರುವುದನ್ನು ಕಲಿಯುತ್ತಿದ್ದೇನೆ.

ಕಾಗದ ಜೊತೆಗಿಟ್ಟಿದ್ದೇನೆ. ಕಳಿಸುವ ಮೊದಲು ಬಿಚ್ಚಿ ನೋಡಿದೆ. ಎಷ್ಟೋ ವರ್ಷದಿಂದ ಬಿಚ್ಚಿರಲಿಲ್ಲ, ಬಾಯಿಪಾಠವಾದದ್ದನ್ನು ಯಾರು ನೋಡುತ್ತಾರೆ? ಮಾತು ಬಾಯಿಪಾಠವಾಗಿತ್ತು, ಅಕ್ಷರ ಮರೆತಿದ್ದೆ. ಆ ಕಾಗದದಲ್ಲೂ ಸಾಲುಗಳು ಓರೆಯಾಗಿವೆ. "ಏನಿಲ್ಲ" ಎಂಬುದಂತೂ ಪೂರ್ತಿ ಕೆಳಗೆ ಜಾರಿದೆ.

ಆಗಲೂ ನೋಡಿದ್ದೆ. ಹಾಸ್ಟೆಲಿನ ಮಂಚದ ಮೇಲೆ ಕೂತು, ಅಪ್ಪನ ಅಕ್ಷರ ಯಾಕೆ ಹೀಗಿದೆ ಅಂದುಕೊಂಡೆ. ಬಸ್ಸಿನಲ್ಲಿ ಕೂತು ಬರೆದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನೂ ಎರಡು ಪರೀಕ್ಷೆಗಳಿದ್ದವು. ಎರಡನ್ನೂ ಬರೆದೆ, ಚೆನ್ನಾಗಿಯೇ ಬರೆದೆ. ಕೊನೆಯದನ್ನು ಬರೆದು ಹೊರಗೆ ಬಂದಾಗ ವಾರ್ಡನ್ ಬಾಗಿಲಲ್ಲಿ ನಿಂತಿದ್ದರು.

ಇಪ್ಪತ್ತಾರು ವರ್ಷ ನೀನು ಬರೆದ ಸುಳ್ಳನ್ನು ಹಿಡಿದುಕೊಂಡು ಕೂತೆ. ಅದನ್ನು ನಂಬಲು ನನಗೆ ಎಷ್ಟು ಅನುಕೂಲವಿತ್ತು ಎಂಬುದನ್ನು ನಿನಗೆ ಹೇಳಲೇ ಇಲ್ಲ.

ಮಗಳು


ಮೇ 18

ಮಗಳೇ,

ನೀನು ಗಮನಿಸಿದ್ದೀಯೋ ಇಲ್ಲವೋ, ಕೊನೆಯ ಎರಡು ಸಾಲಿನಲ್ಲಿ ನನ್ನನ್ನು "ನೀನು" ಅಂದಿದ್ದೀಯ. ಅದನ್ನು ತಿದ್ದಬೇಡ. ಆ ಸಾಲುಗಳ ಮೇಲೆ ಕೈಯಿಟ್ಟುಕೊಂಡು ಸಾಕಷ್ಟು ಹೊತ್ತು ಕೂತಿದ್ದೆ.

ನಿನ್ನ ತಟ್ಟೆಗಳ ಕೆಲಸ ಕೈತಪ್ಪಿದ್ದಕ್ಕೆ ನಾನು ಏನು ಹೇಳಿದರೂ ಸಣ್ಣದಾಗುತ್ತದೆ. ದರ್ಜಿ ಮನೆಗೆ ಬಂದಿದ್ದಾನೆ. ಊರುಗೋಲಿನಲ್ಲಿ ಅಂಗಡಿಯವರೆಗೆ ನಡೆಯುತ್ತಾನೆ, ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆ. ಕೈಹೊಲಿಗೆ, ಗುಂಡಿ ಕೆಲಸ ಅಷ್ಟೇ. ಸೂಜಿಗೆ ದಾರ ಪೋಣಿಸಿ ಕೊಡಲು ನಾನು ಕೆಳಗೆ ಹೋಗುತ್ತೇನೆ.

ನಿನ್ನ ಕಾಗದವನ್ನು ವಾಪಸು ಕಳಿಸಿದ್ದೇನೆ. ಬಣ್ಣ ಬಳಿದಿಲ್ಲ, ಒಂದಕ್ಷರ ಅಳಿಸಿಲ್ಲ. ನಿಯಮದ ಪ್ರಕಾರವೇ ಮಾಡಿದ್ದೇನೆ, ಸ್ಕೇಲ್ ಇಟ್ಟು. ಕೆಳಗಿನದು ಈಗಲೂ ಓದಲು ಬರುತ್ತದೆ, ನೋಡು.

ಅಪ್ಪ


(ಲಕೋಟೆಯಲ್ಲಿದ್ದ ಹಳೆಯ ಕಾಗದ. ಮಡಿಕೆಗಳಲ್ಲಿ ಹರಿದಿದೆ. ನೀಲಿ ಶಾಯಿ ಮಾಸಿದೆ, ತಿದ್ದುಪಡಿ ಕಪ್ಪು ಶಾಯಿಯಲ್ಲಿದೆ.)

ಮಾರ್ಚ್ 6

ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರಿ. ಊಟ ಬಿಡಬೇಡ. ರೇಡಿಯೋಗೆ ಸ್ವಲ್ಪ ಜ್ವರ. ಏನಿಲ್ಲ. ನೀನು ಬರುವ ಅಗತ್ಯವಿಲ್ಲ, ಎಲ್ಲ ಮುಗಿಸಿಕೊಂಡೇ ಬಾ.

(ಇಲ್ಲಿ "ಸ್ವಲ್ಪ ಜ್ವರ" ಎಂಬಲ್ಲಿಂದ ಕೊನೆಯವರೆಗೆ ಒಂದೇ ಗೆರೆ. ಅದರ ಕೆಳಗೆ:)

ಮೂರು ದಿನದಿಂದ ನೂರ ನಾಲ್ಕು ಜ್ವರ. ಇಳಿಯುತ್ತಿಲ್ಲ. ನೀರು ಕುಡಿದರೂ ವಾಂತಿ. ನಿನ್ನೆ ಬೆಳಗ್ಗೆಯವರೆಗೆ ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುತ್ತಿದ್ದಳು. ನಿನ್ನೆ ಮಧ್ಯಾಹ್ನದಿಂದ ರೇಡಿಯೋ ಮಾತಾಡುತ್ತಿಲ್ಲ. ಪರೀಕ್ಷೆ ಬಿಟ್ಟು ಕೂಡಲೇ ಬಾ.

ತಿದ್ದಲು ಕಾರಣ: ಹೆದರಿದ್ದೆ. ಬರೆದರೆ ನಿಜವಾಗಿಬಿಡುತ್ತದೆ ಅಂದುಕೊಂಡಿದ್ದೆ.

ಅಪ್ಪ
ಮೇ 18